ಮಕುಂದುಚಿಯ ಮರದ ಆಡು

ನಾನು ಒಂದು ಆಡು. ಗಾಬರಿಯಾಗಬೇಡಿ; ನನಗೆ ಗಡ್ಡವಿಲ್ಲ, ಬಾಲವಿಲ್ಲ, ಯಾರ ಹಿತ್ತಲಿನ ಸೊಪ್ಪನ್ನೂ ಕದ್ದು ಮೇಯ್ದ ಅಪವಾದ ನನ್ನ ಮೇಲಿಲ್ಲ. ನಿಜ ಹೇಳಬೇಕೆಂದರೆ ನಾನು ಕಾಯಿ ತುರಿಯುವ ಮಣೆ. ಆಫ್ರಿಕದ ಪೂರ್ವ ಕರಾವಳಿಯಾಚೆ, ಜಂಜಿಬಾರಿನ ದ್ವೀಪಗಳಲ್ಲಿ ಸ್ವಾಹಿಲಿ ಮಾತಾಡುವ ಜನ ಅದೇಕೋ ನಮ್ಮ ಕುಲಕ್ಕೆಲ್ಲ ‘ಮ್ಬುಜಿ’, ಅಂದರೆ ಆಡು, ಎಂದು ಹೆಸರಿಟ್ಟುಬಿಟ್ಟಿದ್ದಾರೆ. ನಾಲ್ಕು ಕಾಲು, ಮುಂದಕ್ಕೆ ಚಾಚಿದ ಕತ್ತು, ಕತ್ತಿನ ತುದಿಯಲ್ಲಿ ಹಲ್ಲು. ನೋಡಿದರೆ ನಿಮಗೂ ಹಾಗೆಯೇ ಅನ್ನಿಸೀತು. ಸಮುದ್ರದ ಆಚೆಯ ದಡದಲ್ಲಿ, ನಿಮ್ಮ ಕಡೆಯ ಅಡುಗೆಮನೆಗಳಲ್ಲೂ ನಮ್ಮ ದಾಯಾದಿಗಳಿದ್ದಾರೆಂದು ಹಾಯಿಹಡಗಿನವರು ಹೇಳುವುದನ್ನು ಕೇಳಿದ್ದೇನೆ. ಆದ್ದರಿಂದ ಸಂಕೋಚವಿಲ್ಲದೆ ನನ್ನ ಕಥೆ ಹೇಳುತ್ತೇನೆ.

ಮುಖ ನೋಡಿ ಮನುಷ್ಯರ ಗುಣ ಹೇಳುವವರಿದ್ದಾರೆ. ನನಗೆ ಮುಖದ ಉಸಾಬರಿ ಬೇಡ. ಕೂರುವ ಬಗೆಯಿಂದಲೇ ಹೇಳಿಬಿಡುತ್ತೇನೆ. ಸಿಟ್ಟು ಬಂದವರು ದೊಪ್ಪೆಂದು ಕೂರುತ್ತಾರೆ. ಚಿಂತೆಯಿದ್ದವರು ತುದಿಯಲ್ಲಿ ಕೂರುತ್ತಾರೆ. ಹೊಟ್ಟೆ ಹಸಿದವರು ಕೂರುವ ಮೊದಲೇ ತುರಿಯಲು ಶುರು ಮಾಡಿರುತ್ತಾರೆ. ಜನ್ಮವಿಡೀ ಬೇರೆಯವರ ಭಾರ ಹೊತ್ತವರಿಗೆ ಇಷ್ಟಾದರೂ ವಿದ್ಯೆ ಬರಬೇಡವೇ?

ನಾನು ಹುಟ್ಟಿದ್ದು ಪೆಂಬಾ ದ್ವೀಪದಲ್ಲಿ. ಅಲ್ಲಿ ಒಂದು ಗುಡ್ಡ ಇಳಿದರೆ ಇನ್ನೊಂದು ಗುಡ್ಡ, ಗುಡ್ಡದ ತುಂಬ ಲವಂಗದ ಮರ. ಕೊಯ್ಲಿನ ಕಾಲಕ್ಕೆ ದಾರಿಯ ಬದಿಯಲ್ಲೆಲ್ಲ ಚಾಪೆ ಹಾಸಿ ಲವಂಗ ಒಣಗಿಸುತ್ತಾರೆ. ಊರಿಗೆ ಊರೇ ಗಮಗಮ ಎನ್ನುತ್ತದೆ. ಫೌಮು ಎಂಬ ಬಡಗಿ ಹಲಸಿನ ಹಲಗೆಯಿಂದ ನನ್ನ ಮೈ ಮಾಡಿದ. ಲೊಡಲೊಡ ಮಾತಾಡುವ ಮನುಷ್ಯ. ಕೆಟ್ಟು ನಿಂತ ಲಾರಿಯ ಸ್ಪ್ರಿಂಗಿನ ಪಟ್ಟಿಯನ್ನು ಕಾಯಿಸಿ, ಬಡಿದು, ಅರದಿಂದ ಹಲ್ಲು ತೆಗೆದು ನನ್ನ ಕತ್ತಿಗೆ ಕೂರಿಸಿದ. “ಆಡು ಮಾಡೋದು ಸುಲಭ, ಅದು ಒದೆಯದ ಹಾಗೆ ಮಾಡೋದು ಕಷ್ಟ” ಎನ್ನುತ್ತ ನನ್ನ ಕಾಲುಗಳನ್ನು ಮತ್ತೆ ಮತ್ತೆ ನೆಲಕ್ಕೆ ಊರಿ ನೋಡಿದ.

ನನ್ನನ್ನು ಕೊಳ್ಳಲು ಬಂದ ಹೆಂಗಸು ನೇರವಾಗಿ ನನ್ನ ಮೇಲೆ ಕೂತು ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಎದ್ದಳು. “ಇದು ನನ್ನ ಮಗಳನ್ನ ಬೀಳಿಸೋದಿಲ್ಲ” ಎಂದಳು. ಮಗಳ ಹೆಸರು ಕಿದಾವ. ಅವಳಿಗೆ ಮದುವೆ ಗೊತ್ತಾಗಿತ್ತು. ಗಂಡನ ಮನೆ ಅಲ್ಲಿಂದ ದಕ್ಷಿಣಕ್ಕೆ, ಇನ್ನೊಂದು ದ್ವೀಪದ ಕಟ್ಟಕಡೆಯ ಮಕುಂದುಚಿ ಎಂಬ ಹಳ್ಳಿಯಲ್ಲಿ. ದೋಣಿಯಲ್ಲಿ ಕಿದಾವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಬಂದಳು. ನನ್ನ ಮೇಲೆ ಜನ ಕೂತದ್ದೇ ಹೊರತು ನಾನು ಯಾರ ಮೇಲಾದರೂ ಕೂತದ್ದು ಅದೊಂದೇ ಸಲ.

ಮಕುಂದುಚಿ ಪೆಂಬಾದ ಹಾಗಲ್ಲ. ಗುಡ್ಡವಿಲ್ಲ, ಲವಂಗವಿಲ್ಲ. ನೆಲವೆಂದರೆ ಹವಳದ ಕಲ್ಲು. ಅದರ ಬಿರುಕಿನಲ್ಲಿ ಅಷ್ಟಿಷ್ಟು ಮಣ್ಣು. ಆದರೆ ತೆಂಗು ಧಾರಾಳ. ಇಳಿತದ ಹೊತ್ತಿಗೆ ಸಮುದ್ರ ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ಹೆಂಗಸರು ತೆಂಗಿನ ಸಿಪ್ಪೆಯನ್ನು ಅಲ್ಲಿನ ಮರಳಲ್ಲಿ ಹೂತು, ಕೊಳೆಸಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯುತ್ತಾರೆ. ಕಿದಾವಳ ಗಂಡ ಮಕಾಮೆ ಮೀನು ಹಿಡಿಯುವವನು. ಒಳ್ಳೆಯವನು, ಆದರೆ ಇದ್ದ ಮಾತನ್ನೆಲ್ಲ ನೀರಿನ ಮೇಲೆ ಆಡಿ ಮುಗಿಸಿಬಿಡುತ್ತಿದ್ದನೇನೋ, ಮನೆಯಲ್ಲಿ ಮಾತೇ ಇಲ್ಲ. ಮಾತಿಗೆಂದು ಪಕ್ಕದ ಮನೆಯಲ್ಲಿ ಅವನ ಅಕ್ಕ ಮೋಸಿ ಇದ್ದಳು. ಎರಡು ಮನೆಗೂ ಒಂದೇ ಅಂಗಳ.

ಸ್ವಾಹಿಲಿಯಲ್ಲಿ ಅತ್ತಿಗೆಯೂ ನಾದಿನಿಯೂ ಒಬ್ಬರನ್ನೊಬ್ಬರು ‘ವಿಫಿ’ ಎಂದೇ ಕರೆಯುತ್ತಾರೆ. ದೊಡ್ಡವಳು ಯಾರು, ಚಿಕ್ಕವಳು ಯಾರು ಎಂಬ ತಕರಾರೇ ಇಲ್ಲ. ಬಂದ ಮರುದಿನ ಅಂಗಳದಲ್ಲಿ ಕಿದಾವ ಕಾಯಿ ತುರಿಯುತ್ತಿದ್ದಾಗ ಮೋಸಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏಳು ವಿಫಿ, ಪೆಂಬಾದ ಆಡು ಹೇಗಿದೆ ನೋಡ್ತೀನಿ” ಎಂದವಳೇ ಕೂತಳು. ಕೂತ ಪೆಟ್ಟಿಗೆ ನನ್ನ ನಾಲ್ಕು ಕಾಲೂ ಮರಳಿಗೆ ಇಳಿದವು. ಆಳೆಂದರೆ ಆಳು! ಅವಳ ಮನೆಯ ಮಣೆಗೆ ಹಲ್ಲು ಸವೆದು ಹೋಗಿತ್ತು. ಅಂದಿನಿಂದ ನಾನು ಎರಡು ಮನೆಯ ಆಡಾದೆ. ಒಬ್ಬಳು ತುರಿದರೆ ಇನ್ನೊಬ್ಬಳು ಹಿಂಡುವಳು. ತೆಳು ಹಾಲಿನಲ್ಲಿ ಅನ್ನ ಬೇಯುವುದು, ದಪ್ಪ ಹಾಲು ಕೊನೆಗೆ ಬೀಳುವುದು, ನಡುವೆ ಊರಿನವರ ಸುದ್ದಿಯೆಲ್ಲ ಬೆಂದು ಹದವಾಗುವುದು. ನನ್ನ ಬಾಳಿನ ಸುಖದ ದಿನಗಳು ಯಾವುವು ಎಂದು ಕೇಳಿದರೆ ಅವೇ. ಕಿದಾವ ಊರ ನೆನಪಿನಿಂದ ಅಳುವುದು ನಿಂತಿತು. ಅವಳಿಗೆ ಮಕ್ಕಳಾದರು, ಅವರು ಯಾರ ಮನೆಯಲ್ಲಿ ಉಂಡರು, ಯಾರ ಮನೆಯಲ್ಲಿ ಮಲಗಿದರು ಎಂದು ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಆ ಹಬ್ಬ ಬಂತು.

ಮಕುಂದುಚಿಯಲ್ಲಿ ಜುಲೈ ತಿಂಗಳಲ್ಲಿ ‘ಮ್ವಾಕಾ ಕೋಗ್ವಾ’ ಎಂಬ ಹೊಸವರ್ಷದ ಹಬ್ಬ ನಡೆಯುತ್ತದೆ. ಹಳೆಯ ವರ್ಷವನ್ನು ತೊಳೆದು ಹಾಕುವ ಹಬ್ಬ. ಬೆಳಿಗ್ಗೆ ಸಮುದ್ರದಲ್ಲಿ ಮಿಂದು ಬರುತ್ತಾರೆ. ಗಂಡಸರು ಬಾಳೆದಿಂಡು ಹಿಡಿದು ಒಬ್ಬರಿಗೊಬ್ಬರು ಬಾರಿಸುತ್ತಾರೆ. ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡ ಸಿಟ್ಟು ಅಲ್ಲಿಗೆ ಖಾಲಿ. ಹೆಂಗಸರಿಗೆ ದಿಂಡು ಬೇಡ, ಬಾಯಿ ಸಾಕು. ಹೊಸ ಕಾಂಗಾ ಬಟ್ಟೆ ಸುತ್ತಿಕೊಂಡು ಸಾಲಾಗಿ ನಡೆಯುತ್ತ, ಯಾರ ಮೇಲಾದರೂ ಹಾಡು ಕಟ್ಟಿ ಹಂಗಿಸುತ್ತಾರೆ. ಕೊನೆಗೆ ಗರಿಯ ಗುಡಿಸಲೊಂದಕ್ಕೆ ಬೆಂಕಿ ಹಚ್ಚುತ್ತಾರೆ. ಅದು ಉರಿದು ಬೂದಿಯಾದ ಮೇಲೆ ಎಲ್ಲರೂ ಮನೆಗೆ ಹೋಗಿ ಉಣ್ಣುತ್ತಾರೆ. ಉಂಡ ಮೇಲೆ ಅಂದಿನ ಏಟನ್ನಾಗಲಿ ಮಾತನ್ನಾಗಲಿ ಮನಸ್ಸಿನಲ್ಲಿಟ್ಟುಕೊಳ್ಳಬಾರದು. ಮತ್ತೆ, ಅಂದಿನ ಊಟಕ್ಕೆ ಪ್ರತಿ ಮನೆಯಲ್ಲೂ ಪರವೂರಿನ ನೆಂಟರೊಬ್ಬರು ಇರಲೇಬೇಕು. ನೆಂಟರಿಲ್ಲದೆ ಉಂಡ ಮನೆಗೆ ವರ್ಷವೆಲ್ಲ ಸುಖವಿಲ್ಲವೆಂದು ಅವರ ನಂಬಿಕೆ.

ಕಿದಾವಳ ತವರಿನಲ್ಲಿ ಹಾಡಿನಿಂದ ಹಂಗಿಸುವ ಈ ಪದ್ಧತಿ ಇರಲಿಲ್ಲ. ಮೊದಲ ವರ್ಷಗಳಲ್ಲಿ ಹಾಡು ಬೇರೆಯವರ ಮೇಲಿತ್ತು, ಅವಳೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಆ ವರ್ಷ ಹೆಂಗಸರ ಸಾಲು ನಮ್ಮ ಅಂಗಳದ ಮುಂದೆ ಬಂದಾಗ ಮುಂದಾಳು ಮೋಸಿಯೇ. ಕಿದಾವ ನನ್ನ ಮೇಲೆ ಕೂತಿದ್ದಳು. ಮೋಸಿ ಅವಳತ್ತ ಕೈ ತಿರುಗಿಸಿ ದನಿ ಎತ್ತಿದಳು:

“ಪೆಂಬಾದಿಂದ ಬಂದಳಮ್ಮ ಪರವೂರ ನೆಂಟಿ,
ಆಡನೇರಿ ಕೂತಳಮ್ಮ ಸೊಗಸುಗಾತಿ ತುಂಟಿ!
ಅವಳು ಹಿಂಡಿದ ಹಾಲಿನೊಳಗೆ ಮೀನು ಬಿಟ್ಟು ನೋಡಿ,
ಸಮುದ್ರವೆಂದು ತಿಳಿದು ಈಜಿ ಹೋಯಿತೊಂದು ಜೋಡಿ!”

ಊರೆಲ್ಲ ಹೋ ಎಂದು ನಕ್ಕಿತು. ನನ್ನ ಮೇಲಿದ್ದ ಭಾರ ಮಾತ್ರ ಕಲ್ಲಾಯಿತು. ಹಾಲು ನೀರೆಂದದ್ದು ಕಿದಾವಳಿಗೆ ನಾಟಲಿಲ್ಲ, ಅಷ್ಟು ತಮಾಷೆ ಅವಳಿಗೆ ತಿಳಿಯುತ್ತಿತ್ತು. ನಾಟಿದ್ದು ‘ಪರವೂರ ನೆಂಟಿ’ ಎಂದದ್ದು. ಇಷ್ಟು ವರ್ಷ ಬಾಳಿ, ಈ ಮಣ್ಣಿನಲ್ಲೇ ಮಕ್ಕಳನ್ನು ಹೆತ್ತು, ಇನ್ನೂ ನೆಂಟಿಯೇ? ಅದೂ ಬೇರೆ ಯಾರೋ ಅಂದದ್ದಲ್ಲ, ವಿಫಿಯೇ ಅಂದದ್ದು. ಅಂದು ಅವಳು ಮೋಸಿಯ ಚಾಪೆಗೆ ಉಣ್ಣಲು ಹೋಗಲಿಲ್ಲ.

ಮರುದಿನ ಮೋಸಿ ಎಂದಿನಂತೆ ಬಾಗಿಲಲ್ಲಿ ನಿಂತು “ಹೋಡಿ!” ಎಂದಳು. ಒಳಗೆ ಬರಲೇ ಎಂದು ಕೇಳುವ ಮಾತು ಅದು. ಒಳಗಿನವರು “ಕರೀಬು” ಎಂದರೆ ಬನ್ನಿ ಎಂದರ್ಥ. ಕಿದಾವ ಕರೀಬು ಅನ್ನಲಿಲ್ಲ.

“ವಿಫಿ, ಆಡು ಕೊಡ್ತೀಯಾ?” ಎಂದು ಮೋಸಿಯೇ ಕೇಳಿದಳು.

“ಆಡು ಮೇಯೋಕೆ ಹೋಗಿದೆ” ಎಂದಳು ಕಿದಾವ. ಹೇಳುವಾಗ ಅವಳು ಕೂತದ್ದು ನನ್ನ ಮೇಲೆಯೇ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ. ಈ ಜಗಳಕ್ಕೆ ಹಾಗೊಂದು ಗಡುವಿರಲಿಲ್ಲ. ಅಂಗಳದ ನಡುವೆ ಗರಿಯ ಬೇಲಿ ಎದ್ದಿತು. ಇಬ್ಬರೂ ತಂತಮ್ಮ ಕೋಳಿಗಳಿಗೆ ಹೇಳುವ ನೆಪದಲ್ಲಿ ಬೇಲಿಯಾಚೆಗೆ ಮಾತು ದಾಟಿಸತೊಡಗಿದರು. ಆ ಬಡಪಾಯಿ ಕೋಳಿಗಳು ಕೇಳಿದ ಬೈಗುಳ ಯಾವ ಹದ್ದೂ ಕೇಳಿರಲಾರದು. ಕಾಂಗಾ ಬಟ್ಟೆಯ ಅಂಚಿನಲ್ಲಿ ಒಂದೊಂದು ಮಾತು ಅಚ್ಚಾಗಿರುತ್ತದೆ. ಬಾಯಲ್ಲಿ ಆಡಲಾಗದ್ದನ್ನು ಉಟ್ಟು ತೋರಿಸುವುದು ಅಲ್ಲಿನ ಹೆಂಗಸರ ಜಾಣತನ. ಕಿದಾವ “ಸುಮ್ಮನಿದ್ದೇನೆ, ಮರೆತಿಲ್ಲ” ಎಂಬ ಕಾಂಗಾ ಉಟ್ಟು ಬಾವಿಗೆ ಹೋದಳು. ಮೋಸಿ “ನನ್ನ ಬಾಯಿ ನನ್ನದು, ನಿನ್ನ ಕಿವಿ ನಿನ್ನದು” ಎಂಬುದನ್ನು ಹುಡುಕಿ ತಂದು ಉಟ್ಟಳು. ಇದೆಲ್ಲ ನೋಡಲು ತಮಾಷೆಯೇ. ಆದರೆ ಕಿದಾವ ಈಗ ನನ್ನ ತುದಿಯಲ್ಲಿ ಕೂರುತ್ತಿದ್ದಳು. ತುರಿದು, ತಾನೇ ಹಿಂಡಿ, ಒಬ್ಬಳೇ ಬೇಯಿಸುತ್ತಿದ್ದಳು. ನನಗಂತೂ ಮೋಸಿಯ ಆ ದೊಪ್ಪನೆಯ ಭಾರವಿಲ್ಲದೆ ಮೈಯೆಲ್ಲ ಬಿಕೋ ಎನ್ನುತ್ತಿತ್ತು.

ಒಂದು ದಿನ ಬೇಲಿಯಾಚೆಯಿಂದ ಮೋಸಿ ತನ್ನ ಕೋಳಿಗೆ “ಪೆಂಬಾದ ಆಡು ಈಗ ಮುದಿಯಾಯ್ತೇನೋ, ಸದ್ದೇ ಇಲ್ಲ” ಎಂದಳು. ಕಿದಾವಳಿಗೆ ಎಲ್ಲಿತ್ತೋ ಸಿಟ್ಟು. ಮಕಾಮೆಯ ತಮ್ಮ ವುಆಯಿ ಮೇಷ್ಟ್ರಾಗಿ ದೇಶದ ನಡುಮಧ್ಯದ ಡೊಡೊಮಾಕ್ಕೆ ಹೊರಟು ನಿಂತಿದ್ದ. ಕಿದಾವ ನನ್ನನ್ನು ಎತ್ತಿ ಅವನ ಕೈಗೆ ಕೊಟ್ಟಳು. “ತಗೊಂಡು ಹೋಗಪ್ಪ. ಅವಳೂ ಕೂರೋದು ಬೇಡ, ನಾನೂ ಕೂರೋದು ಬೇಡ.” ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವಂತೆ. ನಾನು ಬಂಡಿಯೇರುವಾಗ ಅವಳು ಬಾಗಿಲಿಗೆ ಬಂದು, ಮತ್ತೆ ಒಳಗೆ ಹೋಗಿಬಿಟ್ಟಳು.

ದಾರಿಯ ಸೊಗಸನ್ನು ಏನೆಂದು ಹೇಳಲಿ! ಹಡಗಿನಲ್ಲಿ ದಾರ್ ಎಸ್ ಸಲಾಮ್ ಎಂಬ ದೊಡ್ಡ ಪಟ್ಟಣಕ್ಕೆ, ಅಲ್ಲಿಂದ ಬಸ್ಸಿನ ತಲೆಯ ಮೇಲೆ ಕೂತು ಒಳನಾಡಿಗೆ. ಮೊದಲು ತೆಂಗು ದಟ್ಟವಾಗಿತ್ತು. ಆಮೇಲೆ ಅಲ್ಲೊಂದು ಇಲ್ಲೊಂದು. ನೀಲಿ ಬೆಟ್ಟಗಳನ್ನು ದಾಟುವ ಹೊತ್ತಿಗೆ ಒಂದೂ ಇಲ್ಲ. ಡೊಡೊಮಾದಲ್ಲಿ ಕೆಂಪು ಮಣ್ಣು, ಮುಳ್ಳುಗಿಡ, ದನ, ಮತ್ತು ಹೊಲ ಹೊಲವಾಗಿ ಕಡಲೆಕಾಯಿ. ಅಲ್ಲಿನವರು ಪಲ್ಯಕ್ಕೆ ತೆಂಗಿನ ಬದಲು ಕಡಲೆಯನ್ನೇ ಕುಟ್ಟಿ ಹಾಕುತ್ತಾರೆ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನನಗೆ ಹಲ್ಲೂ ಇತ್ತು, ಸುತ್ತ ಬೇಕಾದಷ್ಟು ಕಡಲೆಯೂ ಇತ್ತು. ತೆಂಗಿನಕಾಯಿ ಮಾತ್ರ ಇರಲಿಲ್ಲ. ನಾನು ಬರೀ ಸ್ಟೂಲಾದೆ.

ನೆರೆಮನೆಯ ಮುದುಕನೊಬ್ಬ ಸಂಜೆ ಬಂದು ನನ್ನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ತೆಳ್ಳಗೆ, ಹಗುರಕ್ಕೆ ಕೂರುವ, ಆತುರವೇ ಇಲ್ಲದ ಮನುಷ್ಯ. ಹುಟ್ಟಿದಾಗಿನಿಂದ ಸಮುದ್ರ ನೋಡಿದವನಲ್ಲ. ನನ್ನ ಹೆಸರು ಕೇಳಿ ಅವನಿಗೆ ನಗೆಯೋ ನಗೆ. “ಮೇಷ್ಟ್ರೇ, ನಮ್ಮ ಆಡು ಹಾಲು ಕೊಡುತ್ತೆ. ನಿಮ್ಮದು?” ಎಂದ.

“ಇದೂ ಕೊಡುತ್ತೆ ಅಜ್ಜ” ಎಂದ ವುಆಯಿ.

“ಮರದ ಆಡು ಹಾಲು ಕೊಡೋದನ್ನ ಕಣ್ಣಾರೆ ನೋಡದೆ ನಂಬೋನಲ್ಲ ನಾನು.”

ಈ ಪಂಥ ವರ್ಷಗಟ್ಟಲೆ ನಡೆಯಿತು. ಕೊನೆಗೊಂದು ಜುಲೈಯಲ್ಲಿ ವುಆಯಿ, “ಹಾಗಾದ್ರೆ ಹೊರಡಿ, ನಮ್ಮೂರಿಗೇ ಹೋಗೋಣ. ಹಬ್ಬಕ್ಕೆ ಅಣ್ಣನ ಮನೆಗೆ ನೀವೇ ನೆಂಟರು” ಎಂದ. ಮುದುಕ ಕಡಲೆಕಾಯಿಯ ಚೀಲವೊಂದನ್ನು ಹೆಗಲಿಗೇರಿಸಿದ. ಹೀಗೆ ಕೊಯ್ದ ಮೂಗು ವಾಪಸು ಹೊರಟಿತು.

ಜುಲೈಯೆಂದರೆ ‘ಕೂಸಿ’ ಎಂಬ ದಕ್ಷಿಣದ ಗಾಳಿಯ ಕಾಲ. ನಮ್ಮ ಹಡಗು ಏಳುತ್ತ ಬೀಳುತ್ತ ಹೇಗೋ ದಡ ಸೇರಿತು. ಪಾಪ, ಮುದುಕ ಮೊದಲ ಸಲ ಕಂಡ ಸಮುದ್ರಕ್ಕೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾಣಿಕೆ ಕೊಟ್ಟ. ನಮ್ಮ ಹಿಂದೆಯೇ ಗಾಳಿ ಕೆರಳಿತು. ಮತ್ತೆ ಯಾವ ಹಡಗೂ ಹೊರಡಲಿಲ್ಲ.

ಕಿದಾವ ಬಾಗಿಲಲ್ಲಿ ನನ್ನನ್ನು ಕಂಡಳು. ನನ್ನ ಕತ್ತನ್ನು ಒಮ್ಮೆ ಸವರಿದಳು. ಅವಳ ಕೈ ಒರಟಾಗಿತ್ತು, ಕೂತಾಗ ಭಾರವೂ ಮೊದಲಿಗಿಂತ ಹೆಚ್ಚಾಗಿತ್ತು. ಹಬ್ಬದ ಬೆಳಿಗ್ಗೆ ಅವಳು ಅಂಗಳದಲ್ಲಿ ಕಾಯಿ ತುರಿದಳು. ಕರ್‌, ಕರ್‌, ಕರ್‌. ಬೇಲಿಯಾಚೆ ಒನಕೆಯ ಸದ್ದು ಥಟ್ಟನೆ ನಿಂತಿತು. ಮೋಸಿಗೆ ನನ್ನ ಗುರುತು ಸಿಕ್ಕಿತೆಂದು ನನಗೆ ಗೊತ್ತಾಯಿತು. ಕಿದಾವಳಿಗೂ ಗೊತ್ತಾಯಿತು, ಅವಳ ಕೈಯೂ ಒಂದು ಗಳಿಗೆ ನಿಂತಿತಲ್ಲ! ಅವಳು ತುರಿ ಹಿಂಡಿದಾಗ ಡೊಡೊಮಾದ ಅಜ್ಜ ಪಾತ್ರೆಗೆ ಬೀಳುವ ಬಿಳಿಯ ಹಾಲನ್ನು ಬಗ್ಗಿ ನೋಡಿ, ಮುಟ್ಟಿ, ನೆಕ್ಕಿ, “ಕೊಟ್ಟಿತು! ಆಡು ಹಾಲು ಕೊಟ್ಟಿತು!” ಎಂದು ಕೂಗಿದ.

ಬಾಳೆದಿಂಡಿನ ಕಾಳಗ ಮುಗಿಯಿತು. ಗುಡಿಸಲು ಉರಿದು ಬೂದಿಯಾಯಿತು. ಎಲ್ಲರೂ ತಂತಮ್ಮ ನೆಂಟರ ಕೈ ಹಿಡಿದು ಮನೆಗೆ ಹೊರಟರು. ನಮ್ಮ ಮನೆಯಲ್ಲಿ ಅಜ್ಜ ಚಾಪೆಯ ಮೇಲೆ ಕೂತವನು ಬೇಲಿಯ ಸಂದಿನಿಂದ ಆಚೆ ನೋಡಿ, “ಅಲ್ಲೂ ಚಾಪೆ ಹಾಸಿದಾರೆ. ಯಾರೂ ಕೂತಿಲ್ಲವಲ್ಲ?” ಎಂದ.

ಎಂದೂ ಮಾತಾಡದ ಮಕಾಮೆ ಅಂದು ಮಾತಾಡಿದ. “ನಮ್ಮಕ್ಕನ ಮನೆ. ದಾರ್‌ನಿಂದ ಅವಳ ಬೀಗರು ಬರಬೇಕಾಗಿತ್ತು. ಗಾಳಿಗೆ ಅಲ್ಲೇ ನಿಂತುಬಿಟ್ರು. ಊರೆಲ್ಲ ಸುತ್ತಿ ಬಂದ್ಲು, ಎಲ್ಲ ನೆಂಟರೂ ಯಾರ್‍ಯಾರದೋ ಮನೆಗೆ ಗೊತ್ತಾಗಿಬಿಟ್ಟಿದಾರೆ. ಹೋದ ವರ್ಷ ಭಾವನೂ ತೀರಿಕೊಂಡ. ಈ ವರ್ಷ ನೆಂಟರೂ ಇಲ್ಲದಿದ್ರೆ ಇನ್ನೇನು ಕಾದಿದೆಯೋ ಅಂತ ಹೆದರಿ ಕೂತಿದಾಳೆ.” ಆಗ ನೆಂಟರೆಂದು ಕರೆದೊಯ್ಯಲು ಬಿಳಿಯ ಪ್ರವಾಸಿಗಳು ಈಗಿನಂತೆ ದಾರಿಯಲ್ಲಿ ಸಿಗುತ್ತಿರಲಿಲ್ಲ.

“ಹಾಗಾದ್ರೆ ನಾನೇ ಹೋಗಿ ಅಲ್ಲಿ ಉಣ್ತೀನಿ” ಎಂದು ಅಜ್ಜ ಎದ್ದ.

“ನೀವು ಹೋದ್ರೆ ನಮಗೆ ನೆಂಟರಿಲ್ಲ!” ಎಂದು ವುಆಯಿ ಅವನ ಅಂಗಿ ಹಿಡಿದೆಳೆದ.

ಕಿದಾವ ಸೌಟು ಕೆಳಗಿಟ್ಟಳು. ಒಳಗೆ ಹೋಗಿ ಹೊಸ ಕಾಂಗಾ ಸುತ್ತಿಕೊಂಡು ಬಂದಳು. “ನೀವೆಲ್ಲ ಉಣ್ಣಿ” ಎಂದವಳೇ ನನ್ನನ್ನು ಕಂಕುಳಲ್ಲಿ ಇರುಕಿಕೊಂಡಳು. ಬೇಲಿಯಲ್ಲಿ ಕೋಳಿ ನುಸುಳುವಷ್ಟು ಸಂದಿತ್ತು, ಆದರೆ ಅವಳು ನೆಂಟರ ಹಾಗೆ ರಸ್ತೆಯ ಕಡೆಯಿಂದ ಸುತ್ತಿ ಬಂದು ಮೋಸಿಯ ಬಾಗಿಲಲ್ಲಿ ನಿಂತಳು. ಅವಳ ಎದೆ ಬಡಿಯುವುದು ನನ್ನ ಹಲಗೆಗೆ ತಾಗುತ್ತಿತ್ತು.

“ಹೋಡಿ!”

ಒಳಗೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

“ಹೋಡಿ! ಪೆಂಬಾದಿಂದ ಬಂದಿದೀನಿ. ಪರವೂರ ನೆಂಟಿ. ಈ ಮನೇಲಿ ಊಟ ಹಾಕ್ತಾರಾ?”

ಮೋಸಿ ಬಾಗಿಲಿಗೆ ಬಂದಳು. ಬಹಳ ಇಳಿದು ಹೋಗಿದ್ದಳು. ಕಿದಾವಳನ್ನು ನೋಡಿದಳು, ನನ್ನನ್ನು ನೋಡಿದಳು. “ಕರೀಬು” ಎಂದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟು ಇನ್ನೊಮ್ಮೆ, “ಕರೀಬು, ವಿಫಿ” ಎಂದಳು.

ಕಿದಾವ ಚಾಪೆಯ ಮೇಲೆ ಕ್ರಮವಾಗಿ ಕಾಲು ಮಡಚಿ ಕೂತಳು. ಒಲೆಯ ಮೇಲಿನ ಮೀನಿಗೆ ದಪ್ಪ ಹಾಲು ಬೀಳುವುದು ಬಾಕಿಯಿತ್ತು. ಮೋಸಿ ಅಭ್ಯಾಸಬಲದಿಂದ ಕಾಯಿಯ ಹೋಳನ್ನು ಅವಳತ್ತ ಚಾಚಿದಳು. “ನೆಂಟರಿಗೆ ಯಾರಾದ್ರೂ ಕೆಲಸ ಹೇಳ್ತಾರಾ? ತುರಿ ನೀನೇ” ಎಂದಳು ಕಿದಾವ. ಮೋಸಿ ನನ್ನ ಮೇಲೆ ಕೂತಳು. ಆ ಹಳೆಯ ದೊಪ್ಪೆಂಬ ಪೆಟ್ಟಿಲ್ಲ, ಮೆಲ್ಲಗೆ ಕೂತಳು. ತುರಿದಳು, ಹಿಂಡಿದಳು. ಕೈಯಲ್ಲಿ ಮೊದಲಿನ ಕಸುವಿರಲಿಲ್ಲ. ಕಿದಾವ ಬಗ್ಗಿ ಪಾತ್ರೆ ನೋಡಿ ಹೇಳಿದಳು: “ಇದರಲ್ಲಿ ಮೀನು ಬಿಟ್ರೆ ಈಜಿ ಪೆಂಬಾ ಸೇರುತ್ತೆ.”

ಮೋಸಿ ಫಕ್ಕನೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. “ಅಯ್ಯೋ ಹುಚ್ಚಿ, ಅಷ್ಟು ವರ್ಷ ಅದನ್ನೇ ಇಟ್ಕೊಂಡು ಕೂತಿದ್ಯಾ? ಹೊರಗಿನೋರ ಮೇಲೆ ಯಾರು ಹಾಡು ಕಟ್ತಾರೆ ಹೇಳು! ನಮ್ಮವಳಾದ್ಲು ಅಂತಲ್ವೇನೆ ನಿನ್ನ ಮೇಲೆ ಕಟ್ಟಿದ್ದು? ನನ್ನ ಮದುವೆಯಾದ ಮೇಲೆ ನಮ್ಮತ್ತೆ ನನ್ನ ಮೇಲೆ ಕಟ್ಟಿದ್ದ ಹಾಡು ಕೇಳಿದ್ರೆ ನೀನು ಊರೇ ಬಿಟ್ಟು ಹೋಗ್ತಿದ್ದೆ.”

“ಅದನ್ನ ಅವತ್ತೇ ಹೇಳೋಕೇನಾಗಿತ್ತು?”

“ನೀನು ಕೇಳಿದ್ಯಾ? ಆಡು ಮೇಯೋಕೆ ಹೋಗಿದೆ ಅಂದೆ. ಅದರ ಮೇಲೇ ಕೂತ್ಕೊಂಡು!”

ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೋಸಿ ಕಿದಾವಳ ಕೈ ಹಿಡಿದು ಎಳೆದು ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಒಬ್ಬರಿಗೆಂದು ಮಾಡಿದ ಮಣೆಯ ಮೇಲೆ ಇಬ್ಬರು, ಅದೂ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ನಗುವ ಇಬ್ಬರು. ಫೌಮು ಬಡಗಿ ಇದನ್ನು ಎಣಿಸಿರಲಿಲ್ಲ. ಲಟಕ್ಕೆಂದು ನನ್ನ ಹಿಂಗಾಲು ಸೀಳಿತು. ಇಬ್ಬರೂ ಮರಳಿಗೆ ಉರುಳಿದರು. ಬಿದ್ದಲ್ಲೇ ಇನ್ನಷ್ಟು ನಕ್ಕರು. ಸದ್ದು ಕೇಳಿ ಬೇಲಿಯ ಆಚೆ ಎಲ್ಲರೂ ಎದ್ದು ನಿಂತರು, ಅಜ್ಜನಂತೂ “ಆಡು ಒದೆಯಿತಾ?” ಎಂದು ಕೂಗಿ ಕೇಳಿದ.

ಆ ವಾರವೇ ಬೇಲಿ ಒಲೆಗೆ ಸೌದೆಯಾಯಿತು. ಮಕಾಮೆ ನನ್ನ ಕಾಲಿಗೆ ತೆಂಗಿನ ನಾರಿನ ಹಗ್ಗ ಬಿಗಿದು ಕಟ್ಟಿದ. ಈಗ ನನಗೆ ವಯಸ್ಸಾಗಿದೆ. ಮೊಮ್ಮಕ್ಕಳು ಪಟ್ಟಣದಿಂದ ಕರೆಂಟಿನ ತುರಿಯಂತ್ರ ತಂದಿದ್ದಾರೆ; ಗರ್‌ ಎನ್ನುತ್ತದೆ, ಅದರ ಮೇಲೆ ಯಾರೂ ಕೂರುವ ಹಾಗಿಲ್ಲ, ಪಾಪ. ನಾನು ಅಂಗಳದಲ್ಲಿ, ಹಿಂದೆ ಬೇಲಿಯಿದ್ದ ಜಾಗದಲ್ಲೇ, ನುಗ್ಗೆಯ ಮರದ ಬುಡದಲ್ಲಿದ್ದೇನೆ. ನನ್ನ ಹೊಟ್ಟೆಯ ಕೆಳಗೆ ಕೋಳಿಯೊಂದು ಕಾವು ಕೂರುತ್ತದೆ. ಅದು ಯಾವ ಮನೆಯ ಕೋಳಿ ಎಂದು ಯಾರೂ ಕೇಳುವುದಿಲ್ಲ.

ಹಬ್ಬದ ದಿನ ಮಾತ್ರ ಕಿದಾವ ನನ್ನನ್ನು ಕಂಕುಳಿಗೇರಿಸಿ, ಬೇಲಿಯೇ ಇಲ್ಲದಿದ್ದರೂ ರಸ್ತೆಯ ಕಡೆಯಿಂದ ಸುತ್ತಿ ಹೋಗಿ “ಹೋಡಿ!” ಎನ್ನುತ್ತಾಳೆ. ಮೋಸಿಯ ಮನೆಯಲ್ಲಿ ಈಗ ಹಬ್ಬಕ್ಕೆ ನೆಂಟರಿಗೇನೂ ಬರವಿಲ್ಲ. ಆದರೂ ಪೆಂಬಾದ ನೆಂಟಿ ಬರುವ ತನಕ ಬೀಗರಿರಲಿ, ಯಾರೇ ಇರಲಿ, ಅನ್ನಕ್ಕೆ ಕೈ ಹಾಕುವಂತಿಲ್ಲ. ಇಬ್ಬರೂ ಹಣ್ಣು ಹಣ್ಣು ಮುದುಕಿಯರು. ಸರದಿಯ ಮೇಲೆ, ಹುಷಾರಾಗಿ ನನ್ನ ಮೇಲೆ ಕೂತು ಒಂದೊಂದು ಹೋಳು ತುರಿಯುತ್ತಾರೆ. ಹಗ್ಗ ಕಟ್ಟಿದ ಕಾಲು ಕಿರ್ ಎನ್ನುತ್ತದೆ. ಪಾಪ, ನೋವಾಯಿತೇನೋ ಎಂದು ಅವರು ಅದನ್ನು ಸವರುತ್ತಾರೆ. ನೋವೇನೂ ಇಲ್ಲ. ಅಷ್ಟು ವರ್ಷ ಅವರ ಸಿಟ್ಟನ್ನು ಹೊತ್ತಾಗ ಮುರಿಯದ ಕಾಲು ಅದು. ನಗು ಹೊರಲಾಗದೆ ಮುರಿಯಿತು.